ವೇಟ್ ಅಂದರೆ ಎಚ್ಚರ

“ವೇಟ್ ಅಂದ್ರ ಕಾಯೋದು. ಇದಕ್ಕೂ ಒಂದು ಕ್ಲಾಸ್ ಬೇಕೇನ್ರಿ ಮೇಡಂ?”

ಕೇಳಿದವನು ಮಾರೆಣ್ಣ. ಬಳ್ಳಾರಿ ಗಾಂಧಿನಗರದ ಆ ಸ್ಪೋಕನ್ ಇಂಗ್ಲಿಷ್ ಕ್ಲಾಸಿನಲ್ಲಿ ನಗು ಎದ್ದಿತು. ಪಾಠ ಹೇಳುತ್ತಿದ್ದ ಹೇಮಾಳೂ ನಕ್ಕಳು, ಆದರೆ ಕಣ್ಣು ಕೊನೇ ಬೆಂಚಿಗೆ ಹೋಗಿಬಂತು. ಅಲ್ಲಿ ಗಾದಿಲಿಂಗ ಕೂತಿದ್ದ. ಇಲ್ಲೇ ಇಂಗ್ಲಿಷ್ ಕಲಿತು ಕುಡತಿನಿಯ ವಿದ್ಯುತ್ ಸ್ಥಾವರದಲ್ಲಿ ಕೆಲಸ ಹಿಡಿದವನು, ರಜೆ ಸಿಕ್ಕಾಗೆಲ್ಲ ರಿವಿಜನ್ ಅಂತ ಬಂದು ಕೂರುತ್ತಿದ್ದ. ಯಾವ ಪಾಠದ ರಿವಿಜನ್ ಎಂಬುದು ಇಡೀ ಕ್ಲಾಸಿಗೆ ಗೊತ್ತಿತ್ತು.

“ಬಸ್ಸಿಗೆ ವೇಟ್ ಮಾಡ್ತೀವಿ, ರಿಸಲ್ಟಿಗೆ ವೇಟ್ ಮಾಡ್ತೀವಿ,” ಎಂದಳು ಹೇಮಾ. “ಹೋಟೆಲಿನ್ಯಾಗ ನಮಗೇನು ಬೇಕಂತ ನೋಡ್ಕೊಂಡು ನಿಂತಾತ ವೇಟರ್. ಆದ್ರ ಹಳೇ ಫ್ರೆಂಚಿನಿಂದ ಈ ಮಾತು ಇಂಗ್ಲಿಷಿಗೆ ಬಂದಾಗ ಅರ್ಥ ಬ್ಯಾರೆ ಇತ್ತು. ನಿಗಾ ಇಟ್ಟು ನೋಡೋದು. ಪಹರೆ ಮಾಡೋನಿಗೂ ವೇಟ್ ಅಂತಿದ್ರು. ವೇಕ್ ಅಂದ್ರ ಎಚ್ಚರಾಗೋದು ಅಲ್ಲೇನು? ಅದೂ ಇದೂ ಒಂದೇ ಬಳ್ಳಿಯವು. ಸುಮ್ನೆ ಕುಂದ್ರೋ ಅರ್ಥ ಆಮ್ಯಾಲೆ ಬಂದಿದ್ದು.”

“ಹಂಗಾದ್ರ ನಮ್ಮ ಲಿಂಗಣ್ಣ ಹಳೇ ಅರ್ಥದಾಗ ವೇಟ್ ಮಾಡಾಕತ್ತಾನ್ರಿ. ಬೋರ್ಡ್ ಬಿಟ್ಟು ನಿಮ್ಮನ್ನೇ ನೋಡ್ತಾನ,” ಎಂದ ಮಾರೆಣ್ಣ.

ಗಾದಿಲಿಂಗನ ಕಿವಿ ಕೆಂಪಾದವು. ಹೇಮಾ ಬೋರ್ಡಿನ ಕಡೆ ತಿರುಗಿ, ಒರೆಸಿದ ಜಾಗವನ್ನೇ ಮತ್ತೊಮ್ಮೆ ಒರೆಸಿದಳು.

ಕ್ಲಾಸ್ ಮುಗಿಸಿ ಇಬ್ಬರೂ ಬಸ್ ಸ್ಟ್ಯಾಂಡಿನ ಕಡೆ ಹೊರಟರು. ಕೈಗೆ ಕೈ ತಾಕುವಷ್ಟು ಹತ್ತಿರ ನಡೆದರೂ ತಾಕಿಸಿಕೊಳ್ಳಲಿಲ್ಲ. ಆ ಸಣ್ಣ ಸಂದಿನಲ್ಲೇ ಹೇಮಾಳ ಜೀವವೆಲ್ಲ ಇತ್ತು.

“ನಾಳಿ ಸಿಂಧನೂರಿನವರು ನನ್ನ ನೋಡಾಕ ಬರ್ತಾರ. ಅಪ್ಪ ಈ ಸಲ ಬಿಡಂಗಿಲ್ಲ.”

ಅವನ ನಡಿಗೆ ನಿಧಾನವಾಯಿತು. “ಇನ್ನೊಂದೀಟು ವೇಟ್ ಮಾಡು ಹೇಮಾ. ಅಕ್ಕನ ಮದುವಿ ಆಗ್ಲಿ. ದೊಡ್ಡಾಕಿ ಮನ್ಯಾಗ ಇರಬೇಕಾದ್ರ ನಾ ಹೆಂಗ ಬಾಯಿ ಬಿಡ್ಲಿ?”

“ಅಕ್ಕನ್ನ ಕೇಳೀಯೇನು?”

“ಏನಂತ ಕೇಳ್ಲಿ? ನೀ ಯಾವಾಗ ಮನಿ ಬಿಟ್ಟು ಹೋಗ್ತಿ ಅಂದಂಗ ಆಗ್ತೈತಿ.”

ಒಳ್ಳೆಯವನ ಮೇಲೆ ಸಿಟ್ಟು ಮಾಡುವುದೂ ಕಷ್ಟ. ಊರಿಗೆ ಹೋಗುವಾಗೆಲ್ಲ ಕಿಟಕಿಯಾಚೆಯ ಭತ್ತದ ಗದ್ದೆ ನೋಡುತ್ತ, ಅಪ್ಪನಿಗೆ ಇವನ ಹೆಸರು ಹೇಗೆ ಹೇಳುವುದೆಂದು ಅವಳು ಮಾತು ಜೋಡಿಸುತ್ತಿದ್ದಳು. ಸಿರುಗುಪ್ಪ ಬರುವಷ್ಟರಲ್ಲಿ ಮಾತೆಲ್ಲ ಚದುರಿಹೋಗುತ್ತಿತ್ತು.

ಸಿರುಗುಪ್ಪದ ಬಸ್ಸು ಹೊರಡಲು ಸಿದ್ಧವಾಗಿತ್ತು. ಹೇಮಾ ಮೆಟ್ಟಿಲ ಮೇಲೆ ಕಾಲಿಟ್ಟವಳು ಇಳಿದು ಪಕ್ಕದ ಬಸ್ಸಿನತ್ತ ನಡೆದಳು.

“ಅದು ಕುರುಗೋಡು ಬಸ್ಸು. ನಮ್ಮೂರಿಗೆ ಹೋಗ್ತೈತಿ,” ಎಂದ ಗಾದಿಲಿಂಗ.

“ಗೊತ್ತೈತಿ. ದೂರ ನಿಂತು ನೋಡಿ ಸಾಕಾಗೈತಿ. ಹತ್ತು.”

ಕುರುಗೋಡಿನ ಮನೆಯಲ್ಲಿ ಅಕ್ಕ ಪಂಪಾವತಿ, ಬಳ್ಳಾರಿಯಿಂದ ಕೂಲಿಗೆ ತಂದ ಜೀನ್ಸ್ ಪ್ಯಾಂಟು ಹೊಲಿಯುತ್ತಿದ್ದಳು. ಬಾಗಿಲಲ್ಲಿ ತಮ್ಮನನ್ನೂ ಹುಡುಗಿಯನ್ನೂ ಕಂಡು ಮಷೀನು ನಿಲ್ಲಿಸಿದಳು.

“ಅಕ್ಕಾರ, ನಾನು ಹೇಮಾ. ನಿಮ್ಮ ಮದುವಿ ಆಗ್ಲಿ ಅಂತ ನಾವಿಬ್ರೂ ಕಾಯಾಕತ್ತೀವಿ. ನಾಳಿ ನಮ್ಮ ಮನಿಗೆ ಗಂಡಿನ ಕಡಿಯವರು ಬರ್ತಾರ. ತಪ್ಪು ತಿಳೀಬ್ಯಾಡ್ರಿ, ನಿಮ್ಮನ್ನ ಒಂದು ಮಾತು ಕೇಳಾಕ ಬಂದೀನಿ.”

ಪಂಪಾವತಿ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟಳು.

“ನನಗ ಮದುವಿ ಬ್ಯಾಡಂತ ಯಾವತ್ತೋ ಅವ್ವಗ ಹೇಳೀನಿ. ಮಂದಿ ಏನಂದಾರು ಅಂತ ಆಕಿ ಮುಚ್ಚಿಟ್ಟಾಳ. ಲೇ ಲಿಂಗ, ದಿನಾ ನನ್ನ ಮುಂದ ಕುಂತು ಉಣ್ತಿ. ಕೇಳಾಕ ಏನಾಗಿತ್ತು?”

“ನಿನಗ ಬ್ಯಾಸರಾಗ್ತೈತಿ ಅಂತ…”

“ಬ್ಯಾಸರ ಈಗ ಆಗಾಕತ್ತೈತಿ. ನನ್ನ ಹೆಸರ ಮ್ಯಾಲೆ ಈ ಹುಡುಗಿನ ಅಳಿಸೀಯಲ್ಲ.” ಅವಳು ಹೇಮಾಳ ಕಡೆ ತಿರುಗಿದಳು. “ಅವರು ಎಷ್ಟೊತ್ತಿಗೆ ಬರ್ತಾರವ್ವ?”

“ಮಧ್ಯಾಹ್ನ ಊಟಕ್ಕ.”

“ಹಂಗಾದ್ರ ನಾವು ನಾಷ್ಟಾದ ಹೊತ್ತಿಗೇ ಬರ್ತೀವಿ. ಮಂಡಕ್ಕಿ ಒಗ್ಗರಣಿ, ಮಿರ್ಚಿ ಮಾಡ್ಸಿಡು.”

ಸೀರೆಗೆ ಅಂಟಿದ ನೀಲಿ ದಾರಗಳನ್ನು ಕೊಡವುತ್ತ ಪಂಪಾವತಿ ಅವ್ವನನ್ನು ಕರೆಯಲು ಹಿತ್ತಲಿಗೆ ಹೋದಳು. ಅರ್ಧ ಹೊಲಿದ ಪ್ಯಾಂಟು ಮಷೀನಿನಿಂದ ಜಾರಿ ನೆಲಕ್ಕೆ ಬಿತ್ತು. ಎತ್ತಲು ಇಬ್ಬರೂ ಒಟ್ಟಿಗೇ ಬಗ್ಗಿದರು, ಬಗ್ಗಿದವರು ಬೇಗ ಏಳಲಿಲ್ಲ.