ಮಾವನವರ ಕೊಡೆ

ಸ್ಟೂಲು ಹತ್ತಿ ಅಟ್ಟದ ಮೇಲಿನ ಹಳೆಯ ಟ್ರಂಕನ್ನು ಎಳೆದದ್ದೇ ತಡ, ಅದರ ಹಿಂದಿನಿಂದ ಹರಕು ಬೆಡ್‌ಶೀಟಿನಲ್ಲಿ ಸುತ್ತಿಟ್ಟ ಉದ್ದನೆಯ ಗಂಟೊಂದು ಜಾರಿ ನೆಲಕ್ಕೆ ಬಿತ್ತು. ಇಳಿದು ಬಂದು ಬಿಚ್ಚಿದಳು. ಕಪ್ಪು ಕೊಡೆ... ಮಾವನವರ ಕೊಡೆ! ಹೋದ ತಿಂಗಳು, ಬೀದಿದೀಪ ಹತ್ತುವ ಹೊತ್ತಿನಲ್ಲಿ, ಸೇತುವೆಯ ತಿರುವಿನಲ್ಲಿ ಅವಳ ಒಬ್ಬನೇ ತಮ್ಮ ಪೊಲೀಸರ ಗುಂಡಿಗೆ ಬಲಿಯಾದಾಗ ಅವನ ಕೈಯಲ್ಲಿದ್ದದ್ದು, ಮಾವನವರಿಗೆ ಕೊಡಲು ರಿಪೇರಿ ಮಾಡಿ ತರುತ್ತಿದ್ದ ಇದೇ ಕೊಡೆ. ಆದರೆ ಠಾಣೆಯ ಸಾಹೇಬರು ಹೇಳಿದ್ದೇ ಬೇರೆ. ಅವನ ಕೈಯಲ್ಲಿ ಕಬ್ಬಿಣದ ಆಯುಧವಿತ್ತಂತೆ, ನಿಲ್ಲು ಅಂದರೂ ನಿಲ್ಲದೆ ಮೈಮೇಲೆ ಬಂದನಂತೆ, ಗುಂಡು ತಗುಲಿದಾಗ ಆಯುಧ ಹಾರಿ ಹೊಳೆಗೆ ಬಿತ್ತಂತೆ. "ಅವನು ಮನೆಯಿಂದ ಹಿಡ್ಕೊಂಡು ಹೊರಟಿದ್ದು ಕೊಡೆ. ಆ ಕೊಡೆ ಎಲ್ಲಿ?" ಎಂದು ತವರಿನ ಬೀದಿಯ ಜನ ಅಂದಿನಿಂದ ಪ್ರತಿ ಸಂಜೆ ಠಾಣೆಯ ಮುಂದೆ ನಿಂತು ಕೇಳುತ್ತಲೇ ಇದ್ದರು. ಕೊಡೆ ಇಲ್ಲಿತ್ತು. ಅವಳು ದಿನಾ ಅಡುಗೆ ಮಾಡುವ ಒಲೆಯ ನೆತ್ತಿಯ ಮೇಲೆಯೇ! ಅದನ್ನು ಅಲ್ಲಿಡಲು ಈ ಮನೆಯಲ್ಲಿ ಇನ್ನಾರಿದ್ದಾರೆ? ಅವಳ ಗಂಡನೂ ಪೊಲೀಸನೇ. ಅಂದು ತಿರುವಿನಲ್ಲಿ ಸಾಹೇಬರ ಮಗ್ಗುಲಲ್ಲೇ ನಿಂತಿದ್ದವನು.

ಕೊಡೆಯನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ಕುಸಿದಳು. ಬಟ್ಟೆಯ ಅಂಚಿನ ಮೇಲೆ ಬೆರಳಾಡಿಸಿದಳು. ಕಡ್ಡಿಯ ತುದಿತುದಿಗೂ ಎರಡು ಸುತ್ತು ದಾರ, ಮೇಲೊಂದು ಗಂಟು. ತವರಿನ ಹೊಲಿಗೆ. ಈ ಗಂಟನ್ನು ಹಾಕಲು ಅಪ್ಪ ಮೊದಲು ಕಲಿಸಿದ್ದು ಅವಳಿಗೆ, ತಮ್ಮನಿಗೆ ಕಲಿಸಿದ್ದು ಅವಳು.

ಏನು ದಿನಗಳವು! ಅಪ್ಪನ ಕೊಡೆ ರಿಪೇರಿ ಅಂಗಡಿಯೆಂದರೆ ಮನೆಯ ಮುಂದಿನ ಕೋಣೆಯೇ. ತೇಪೆ ಹಾಕಿ ಅಂಟು ಹಚ್ಚಿದ ಕೊಡೆಗಳನ್ನು ಬಿಚ್ಚಿ ನೆಲದ ತುಂಬ ಒಣಗಲು ಇಟ್ಟರೆ ಅಕ್ಕತಮ್ಮಂದಿರಿಗೆ ಅವೇ ಮನೆ, ಅವೇ ಅರಮನೆ. ಮಧ್ಯಾಹ್ನ ಊಟ ಮಾಡಿ ತಮ್ಮ ದೊಡ್ಡ ಕೊಡೆಯೊಂದರ ಅಡಿಗೆ ನುಸುಳಿ ಮಲಗಿಬಿಡುತ್ತಿದ್ದ. ಹೊರಗೆ ಕಾಣುವುದು ಎರಡು ಸಣಕಲು ಕಾಲು ಮಾತ್ರ. "ನನ್ನ ಅಂಗಡೀಲಿರೋ ಕಡ್ಡಿಗಳ ಪೈಕಿ ಇದೊಂದು ಮಾತ್ರ ಊಟ ಕೇಳುತ್ತೆ ನೋಡಿ," ಎಂದು ಅಪ್ಪ ಗಿರಾಕಿಗಳಿಗೆ ತೋರಿಸಿ ನಗುವರು. ಹಾಗೆ ಅವನು ಬೀದಿಗೆಲ್ಲ 'ಕಡ್ಡಿ'ಯಾದ. "ನಿಮ್ಮ ಮನೆಯವರೆಲ್ಲ ಛತ್ರಿಗಳೇ ಬಿಡಿ," ಎಂದು ಯಾರಾದರೂ ಕಿಚಾಯಿಸಿದರೆ ಅಪ್ಪನಿಗೆ ಅದೇ ಬಿರುದು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ ಎಂಬ ಗಾದೆ ಎತ್ತಿದರೆ, "ಹಿಡೀಲಿ ಬಿಡ್ರಪ್ಪಾ, ಹಗಲೂ ರಾತ್ರಿ ಹಿಡಿದ್ರೆ ಬೇಗ ಹರಿಯುತ್ತೆ, ನಮ್ಮ ಹೊಟ್ಟೆ ತುಂಬುತ್ತೆ," ಎನ್ನುವರು. ಆ ನಗು, ಆ ಅಂಟಿನ ವಾಸನೆ, ಆ ಕಪ್ಪು ಬಟ್ಟೆಯ ಚೂರುಗಳಲ್ಲಿ ಅಮ್ಮ ಹೊಲಿದುಕೊಟ್ಟ ಗೊಂಬೆಯ ಲಂಗ...

ಅಪ್ಪನದೊಂದು ಕಟ್ಟಪ್ಪಣೆಯಿತ್ತು. ರಿಪೇರಿಯಾದ ಕೊಡೆಯನ್ನು ಸುಮ್ಮನೆ ಕೈಗೆ ಕೊಡುವಂತಿಲ್ಲ. ಗಿರಾಕಿಯ ಕಣ್ಣೆದುರಿಗೆ ಹಿಡಿದು, ಗುಂಡಿ ಒತ್ತಿ, ಫಟ್ಟೆಂದು ಬಿಚ್ಚಿ ತೋರಿಸಿಯೇ ಕೊಡಬೇಕು. "ಬಿಚ್ಚದ ಕೊಡೆ, ಬಾಯಿ ಬಿಡದ ಮನುಷ್ಯ ಎರಡೂ ಒಂದೇ ಮಗಳೇ. ಒಳಗೆ ಎಷ್ಟು ತೂತಿದೆ ಅಂತ ಗೊತ್ತಾಗೋದಿಲ್ಲ," ಎನ್ನುತ್ತಿದ್ದರು. ಅಪ್ಪ ಹೋದ ಮೇಲೆ ಅಂಗಡಿ ಹಿಡಿದ ಕಡ್ಡಿ ಈ ಅಪ್ಪಣೆಯನ್ನು ಆಟ ಮಾಡಿಕೊಂಡ. ಒಂದು ಕಾಲು ಮುಂದಿಟ್ಟು, ಕೊಡೆಯನ್ನು ಗಿರಾಕಿಯ ಕಡೆಗೆ ಚಾಚಿ, ಫಟ್! ಬಂದವರು ಬೆಚ್ಚುವರು, ಆಮೇಲೆ ನಗುವರು. ಅವರು ನಗುವವರೆಗೆ ಅವನಿಗೆ ಸಮಾಧಾನವಿಲ್ಲ.

ಡ್ಯೂಟಿ ಮುಗಿಸಿ ಬಂದ ಗಂಡ ಬಾಗಿಲಲ್ಲೇ ನಿಂತ. ಅವಳ ಮಡಿಲಿನಲ್ಲಿದ್ದುದನ್ನು ಕಂಡು ಅವನ ಮುಖದ ರಕ್ತ ಇಂಗಿಹೋಯಿತು.

"ಇದು ಯಾಕೆ ನಮ್ಮ ಅಟ್ಟದಲ್ಲಿದೆ ರೀ?"

ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ನನ್ನ ತಮ್ಮ ನಿಮ್ಮ ಕಣ್ಣೆದುರೇ ಸತ್ತ. ಒಂದು ತಿಂಗಳಿಂದ ನಾನು ಬಡಿಸಿದ ಊಟ ಉಣ್ತಿದೀರಿ. ಒಂದು ಮಾತು... ಒಂದೇ ಒಂದು ಮಾತು ಹೇಳೋಕೆ ನಿಮಗೆ ಬಾಯಿ ಬರಲಿಲ್ವಾ?"

ಗಂಡ ಗೋಡೆಗೊರಗಿ ಜಾರಿ ಕೂತ. "ಯಾರೋ ದರೋಡೆಕೋರ ಆ ದಾರೀಲಿ ಬರ್ತಾನೆ ಅಂತ ಸುದ್ದಿಯಿತ್ತು. ಸಾಹೇಬ್ರು ಪಿಸ್ತೂಲು ಕೈಲೇ ಹಿಡ್ಕೊಂಡಿದ್ರು, ಅವರ ಕೈ ನಡುಗ್ತಿತ್ತು. ಮಬ್ಬುಗತ್ತಲು. ಇವನು ತಿರುವಿನಿಂದ ಬಂದ, ನನ್ನ ನೋಡಿದ, ನಕ್ಕ. 'ಭಾವಾ, ಯಜಮಾನ್ರ ಕೊಡೆ ರೆಡಿ' ಅಂದ. ಎತ್ತಿ ಚಾಚಿದ... ನಾನು ಬೇಡ ಅನ್ನೋಷ್ಟರಲ್ಲಿ ಫಟ್ ಅಂತು. ಮರುಕ್ಷಣ ಸಾಹೇಬ್ರ ಪಿಸ್ತೂಲೂ ಅಂತು."

"ನಿಲ್ಲು ಅಂದ್ರಾ ಯಾರಾದ್ರೂ?"

"ಇಲ್ಲ." ಅವನು ಮುಖ ಮುಚ್ಚಿಕೊಂಡ. "ಕೊಡೇನ ಹೊಳೆಗೆ ಎಸೆದು ಬಾ ಅಂದ್ರು. ನಮ್ಮಪ್ಪನ ಕೊಡೆ, ಕಡ್ಡಿ ಹೊಲಿದ ಕೊಡೆ... ಎಸೆಯೋಕೆ ಕೈ ಬರಲಿಲ್ಲ. ಅವರು ಹೇಳಿದ ಹಾಗೆ ಹೇಳಿಕೆ ಮಾತ್ರ ಕೊಟ್ಟೆ. ನಿಜ ಹೇಳಿದ್ರೆ ಕೆಲಸ ಹೋಗುತ್ತೆ, ಈ ಕ್ವಾರ್ಟರ್ಸ್ ಹೋಗುತ್ತೆ, ಸುಳ್ಳು ಹೇಳಿದ್ದಕ್ಕೆ ಜೈಲೂ ಆಗಬಹುದು. ನಾನು ಹೇಡಿ ಕಣೇ."

ಒಳಕೋಣೆಯಿಂದ ಮಾವ ಎದ್ದು ಬಂದರು. ಇಲಾಖೆಯಲ್ಲೇ ಕೂದಲು ಬೆಳ್ಳಗಾಗಿಸಿಕೊಂಡು ನಿವೃತ್ತರಾದವರು. ಬೆರಳ ಗಂಟುಗಳೆಲ್ಲ ಊದಿಕೊಂಡಿದ್ದರೂ ಬೆನ್ನು ಮಾತ್ರ ಇನ್ನೂ ಪರೇಡಿನಲ್ಲಿ ನಿಂತಂತೆ ನೆಟ್ಟಗೆ. ಕೊಡೆಯ ಮೇಲೆ ಒಮ್ಮೆ ಕಣ್ಣಾಡಿಸಿ ತಟ್ಟನೆ ಬೇರೆ ಕಡೆ ನೋಡಿದರು.

"ಒಲೆಗೆ ಹಾಕು ಅದನ್ನ."

"ಮಾವ..."

"ಸತ್ತೋನು ವಾಪಸ್ ಬರಲ್ಲಮ್ಮ. ಬದುಕಿರೋನ ಅನ್ನ ಯಾಕೆ ಕಿತ್ಕೋತೀಯ? ಈ ಮನೆ ನಿಂತಿರೋದೇ ಖಾಕಿ ಮೇಲೆ. ಉಪ್ಪು ತಿಂದ ಮನೆಗೆ ಎರಡು ಬಗೀಬಾರದು."

ಮದುವೆಯಾಗಿ ಬಂದಂದಿನಿಂದ ಮಾವನವರಿಗೆ ಎದುರು ಮಾತಾಡಿದವಳಲ್ಲ ಅವಳು. ಅಂದು ಎದ್ದು ನಿಂತಳು. "ಉಪ್ಪು ತಿಂದೋರು ನೀರು ಕುಡೀಲೇಬೇಕು ಮಾವ," ಎಂದಳು. ಕೊಡೆಯನ್ನು ಸೆರಗಿನಲ್ಲಿ ಸುತ್ತಿ ಎದೆಗವಚಿಕೊಂಡು, ಉಟ್ಟ ಬಟ್ಟೆಯಲ್ಲೇ ತವರಿನ ದಾರಿ ಹಿಡಿದಳು. ಗಂಡ ತಡೆಯಲಿಲ್ಲ. ತಡೆಯಬಾರದೇ ಎಂದು ಬೀದಿಯ ಕೊನೆಯವರೆಗೂ ಅವಳ ಬೆನ್ನು ಕಾಯುತ್ತಿತ್ತು, ಅದೂ ನಿಜವೇ.

ತವರಿನ ಬಾಗಿಲಲ್ಲಿ ಅಮ್ಮ ಎದುರು ಬಂದರು. ಕೊಡೆಯನ್ನು ತೆಗೆದುಕೊಂಡು, ಮಗುವಿನ ತಲೆ ಸವರಿದಂತೆ ಸವರಿ, ಅಂಗಡಿಯಲ್ಲಿ ಕಡ್ಡಿ ಕೂರುತ್ತಿದ್ದ ಮಣೆಯ ಮೇಲೆ ಮಲಗಿಸಿದರು.

ಮಾರನೆಯ ಸಂಜೆ ಅವಳೂ ಠಾಣೆಯ ಮುಂದೆ ನಿಂತಳು. ಅಲ್ಲಿ ಕಂಡದ್ದು ಅವಳಿಗೆ ಸಾಯುವವರೆಗೂ ಮರೆಯದು. ಬೀದಿಯ ಜನರೆಲ್ಲ ಒಂದೊಂದು ಕೊಡೆ ತಂದಿದ್ದರು, ಕಡ್ಡಿ ರಿಪೇರಿ ಮಾಡಿಕೊಟ್ಟ ಕೊಡೆಗಳು. ಹೂಮಾರುವವಳದು, ಬಸ್ ಡ್ರೈವರನದು, ತೇಪೆಯ ಮೇಲೆ ತೇಪೆ ಬಿದ್ದ ಕೊಡೆ ಹಾಲಿನವನದು. ಮಳೆಯಿಲ್ಲ, ಬಿಸಿಲಿಲ್ಲ, ಎಲ್ಲರೂ ಕೊಡೆ ಬಿಚ್ಚಿ ಹಿಡಿದು ಬಾಯಿಮುಚ್ಚಿ ನಿಂತಿದ್ದರು. ಕಡ್ಡಿಗೆ ಅಕ್ಷರ ಕಲಿಸಿದ್ದ ಟೀಚರಮ್ಮ ಮಾತ್ರ ಮಾತಾಡುತ್ತಿದ್ದರು. "ನಾವು ಯಾರ ತಲೆನೂ ಕೇಳ್ತಿಲ್ಲ. ಬೇಲಿನೇ ಎದ್ದು ಹೊಲ ಮೇಯ್ದಾಗ ವಿಚಾರಣೆ ಮಾಡೋಕೆ ಬೇಲೀನೇ ಕೂರಿಸಬೇಡಿ, ಹೊರಗಿನವರನ್ನ ಕರೆಸಿ. ಗುಂಡು ಹಾರಿಸಿದವರು ಬಂದು ಹೇಳಲಿ, ಯಾಕೆ ಹಾರಿಸಿದೆ ಅಂತ. ಗುಂಡಿಗೆ ಮುಂಚೆ ಮಾತಾಡೋದನ್ನ ನಿಮ್ಮ ಹುಡುಗರಿಗೆ ಕಲಿಸಿ, ಅವರ ಎದೆ ಮೇಲೊಂದು ಕ್ಯಾಮೆರಾ ಇಡಿ. ನಿಜ ಹೇಳೋ ಪೊಲೀಸನ ಹೊಟ್ಟೆ ಮೇಲೆ ಹೊಡೀಬೇಡಿ." ಆ ಕೊನೆಯ ಮಾತಿಗೆ ಅವಳು ತಲೆ ತಗ್ಗಿಸಿದಳು. ಟೀಚರಮ್ಮ ಅವಳ ಹೆಗಲು ಮುಟ್ಟಿದರಷ್ಟೇ.

ಕೊನೆಗೂ ಹೊರಗಿನಿಂದ ಒಬ್ಬ ಅಧಿಕಾರಿಣಿ ಬಂದರು. ಶಾಲೆಯ ಸಭಾಂಗಣದಲ್ಲಿ ಬಹಿರಂಗ ವಿಚಾರಣೆ. ಮಕ್ಕಳ ಬೆಂಚುಗಳ ಮೇಲೆ ದೊಡ್ಡವರು ಮೊಣಕಾಲು ಮಡಚಿ ಕೂತಿದ್ದರು. ಬಾಗಿಲಿನಲ್ಲಿ ಇಬ್ಬರು ಪೊಲೀಸರು ಕಾವಲಿದ್ದರು. ಒಂದು ಮೂಲೆಯಲ್ಲಿ ಗಂಡ, ತಲೆ ಬಗ್ಗಿಸಿ. ಹಿಂದಿನ ಸಾಲಿನಲ್ಲಿ ಮಾವ. ಮಗನ ಬಾಯಿ ಕಾಯಲು ಬಂದಿದ್ದಾರೆ, ಇನ್ನೇನು!

ಅವಳು ಕೊಡೆಯನ್ನು ಮೇಜಿನ ಮೇಲಿಟ್ಟಳು. "ನನ್ನ ತಮ್ಮನ ಕೈಲಿದ್ದದ್ದು ಇದು. ನಮ್ಮ ಮನೆ ಅಟ್ಟದಲ್ಲಿ ಸಿಕ್ಕಿತು."

ಸಾಹೇಬರು ಸಾವಕಾಶವಾಗಿ ಎದ್ದರು. ಕಣ್ಣ ಕೆಳಗೆ ಕಪ್ಪು ಬಿದ್ದಿತ್ತು; ಅವರೂ ನಿದ್ದೆಗೆಟ್ಟವರೇ. ಆದರೆ ದನಿ ಅಲುಗಲಿಲ್ಲ. "ಇಂಥ ಕೊಡೆ ಯಾವ ಬಜಾರಿನಲ್ಲಾದ್ರೂ ಸಿಗುತ್ತೆ ಮೇಡಂ. ತಮ್ಮನನ್ನ ಕಳಕೊಂಡ ಹೆಣ್ಣುಮಗಳ ಸಂಕಟ ನನಗೆ ಅರ್ಥವಾಗುತ್ತೆ. ಆದ್ರೆ ಇದು ಅದೇ ಅಂತ ಹೇಳೋರು ಯಾರು?"

ಅಧಿಕಾರಿಣಿ ಸಭಾಂಗಣವನ್ನೆಲ್ಲ ನೋಡಿದರು. "ಯಾರಾದ್ರೂ ಇದೀರಾ?"

ಅವಳು ಗಂಡನತ್ತ ತಿರುಗಿದಳು. ಅವನ ತುಟಿ ಅದುರಿತು, ಆದರೆ ಕತ್ತು ಮೇಲೇಳಲಿಲ್ಲ. ಮುಗಿಯಿತು... ತಮ್ಮ ಇನ್ನು ಲೋಕದ ಕಣ್ಣಿನಲ್ಲಿ ಆಯುಧ ಹಿಡಿದು ಪೊಲೀಸರ ಮೈಮೇಲೆ ಬಿದ್ದವನಾಗಿಯೇ ಉಳಿಯುತ್ತಾನೆ. ಹೊಲಿಗೆ ಬಿಟ್ಟು ಬೇರೇನೂ ತಿಳಿಯದ ಆ ಹುಡುಗ!

"ಅದು ನನ್ನ ಕೊಡೆ."

ಹಿಂದಿನ ಸಾಲಿನಿಂದ ಬಂದ ದನಿಗೆ ಎಲ್ಲರೂ ತಿರುಗಿದರು. ಮಾವ ಬೆಂಚುಗಳ ನಡುವಿನಿಂದ ನಿಧಾನವಾಗಿ ನಡೆದು ಬಂದರು. ಮೇಜಿನ ಮೇಲಿಂದ ಕೊಡೆಯನ್ನು ಎತ್ತಿಕೊಂಡರು. ಹಿಡಿಯ ಮೇಲೆ ಬೆರಳು ಬಿಗಿಯಾದಾಗ ಅವರ ಮುಖ ಒಂದು ಥರ ಆಯಿತು. ಹಿಡಿಗೆ ಮೆತ್ತನೆಯ ಬಟ್ಟೆ ಸುತ್ತಿತ್ತು. ಹಾಗೆ ಸುತ್ತಿಕೊಡು ಎಂದು ಅವರು ಹೇಳಿರಲಿಲ್ಲ, ಅವನೇ ಸುತ್ತಿದ್ದ.

"ನಾನು ನಿವೃತ್ತನಾದ ದಿನ ಠಾಣೆಯವರು ಕೊಟ್ಟ ಕೊಡೆ ಇದು," ಎಂದರು. "ನನ್ನ ಹೆಬ್ಬೆರಳು ಊದ್ಕೊಂಡಿದೆ, ಗುಂಡಿ ಒತ್ತೋಕೆ ಆಗಲ್ಲ, ಹಗುರ ಮಾಡ್ಕೊಡು ಅಂತ ಆ ಹುಡುಗನಿಗೆ ಹೇಳಿದ್ದೆ. ಎಷ್ಟು ದಿನ ಇಟ್ಕೋತೀಯ, ಇವತ್ತೇ ತಂದುಕೊಡು ಅಂತ ಫೋನಲ್ಲಿ ಬೈದಿದ್ದೂ ನಾನೇ. ಬಂದೆ ಯಜಮಾನ್ರೇ, ಬೈಬೇಡಿ ಅಂದ." ಅವರು ಹಿಡಿಯ ಬಟ್ಟೆಯನ್ನು ಸವರಿದರು. "ನಾನು ಬೈಯ್ಯದಿದ್ರೆ ಆ ಹುಡುಗ ಆ ಹೊತ್ತಿಗೆ ಸೇತುವೆ ಹತ್ರ ಇರ್ತಿರ್ಲಿಲ್ಲ."

ಊದಿದ ಹೆಬ್ಬೆರಳನ್ನು ಗುಂಡಿಯ ಮೇಲಿಟ್ಟು ಮುಟ್ಟಿದರೋ ಇಲ್ಲವೋ, ಫಟ್!

ಬಾಗಿಲಲ್ಲಿದ್ದ ಇಬ್ಬರು ಪೊಲೀಸರ ಕೈ ತಾನೇ ತಾನಾಗಿ ಸೊಂಟದ ಪಿಸ್ತೂಲಿಗೆ ಹೋಯಿತು. ಇಡೀ ಸಭೆ ಅದನ್ನು ನೋಡಿತು. ಸಾಹೇಬರೂ ನೋಡಿದರು, ಮತ್ತೆ ಕುರ್ಚಿಯ ಮೇಲೆ ಕೂತುಬಿಟ್ಟರು. ಅರಳಿದ ಕಪ್ಪು ಕೊಡೆಯ ಒಂದು ಮಗ್ಗುಲಿನಲ್ಲಿ ಗುಂಡು ತೂರಿದ ಪುಟ್ಟ ತೂತಿತ್ತು. ಅದರಿಂದ ಕಿಟಕಿಯ ಬೆಳಕು ಬಂದು ಮಾವನವರ ಅಂಗಿಯ ಮೇಲೆ ಬಿದ್ದಿತ್ತು.

"ಎಷ್ಟು ಹಗುರ ಮಾಡಿದಾನೆ ನೋಡಿ ನನ್ನ ಕಂದ," ಎಂದು ಮಾವ ಮಗುವಿನಂತೆ ಅತ್ತರು.

ಆಗ ಗಂಡ ಎದ್ದ. "ಮೇಡಂ, ನಾನು ಕೊಟ್ಟ ಹೇಳಿಕೆ ಸುಳ್ಳು," ಎಂದ. ಮೊದಲಿನಿಂದ ಕೊನೆಯವರೆಗೂ ಹೇಳಿದ. ಅವಳು ಸೆರಗು ಬಾಯಿಗೊತ್ತಿಕೊಂಡು ಕೇಳಿದಳು. ಇವನ ಮೇಲೆ ಕೋಪ ಇನ್ನೂ ಇತ್ತು. ಆದರೂ ಇವನು ತನ್ನವನು ಎಂದು ಮತ್ತೆ ಅನಿಸಿದ್ದು ಆ ಗಳಿಗೆಯಲ್ಲಿ.

ಸಾಹೇಬರ ಮೇಲೆ ಕೇಸಾಯಿತು. ಗಂಡನ ಕೆಲಸ ಹೋಯಿತು, ಕ್ವಾರ್ಟರ್ಸೂ ಹೋಯಿತು; ಸುಳ್ಳು ಹೇಳಿಕೆಯ ಕೇಸು ತಲೆಯ ಮೇಲೆ ತೂಗುತ್ತಲೇ ಇದೆ. ಠಾಣೆಯ ಪೊಲೀಸರ ಎದೆಯ ಮೇಲೆ ಕ್ಯಾಮೆರಾ ಬಂದಿದೆ. ಮಿಕ್ಕದ್ದನ್ನೆಲ್ಲ ನೋಡೋಣ ಎಂದಿದ್ದಾರೆ ಮೇಲಿನವರು. ನೋಡುವವರೆಗೂ ನಿಲ್ಲುತ್ತೇವೆ ಎಂದು ಟೀಚರಮ್ಮನ ಕೊಡೆಗಳೂ ನಿಂತಿವೆ.

ಮನೆಯವರೆಲ್ಲ ಬಂದು ಸೇರಿದ್ದು ತವರಿನ ಹಿಂದಿನ ಕೋಣೆಗೇ. ಅಂಗಡಿಯ ಬಾಗಿಲು ಮತ್ತೆ ತೆರೆಯಿತು. ಅವಳು ಹೊಲಿಯುತ್ತಾಳೆ, ಮಾವ ದಾರ ಕತ್ತರಿಸಿಕೊಡುತ್ತಾರೆ. ಕಡ್ಡಿಯ ಮಣೆಯ ಮೇಲೆ ಕೂರಲು ಗಂಡನಿಗೆ ಧೈರ್ಯವಿಲ್ಲ. ಪಕ್ಕದಲ್ಲಿ ನೆಲದ ಮೇಲೆ ಕೂತು ಕಡ್ಡಿಗಳನ್ನು ನೆಟ್ಟಗೆ ಮಾಡುತ್ತಾನೆ. ಮೊದಮೊದಲು ಅಮ್ಮ ಅವನಿಗೆ ತಟ್ಟೆ ಇಡುತ್ತಿದ್ದರು, ನೀರು ಕೊಡುತ್ತಿದ್ದರು. ಮಾತು ಮಾತ್ರ ಒಂದೂ ಇಲ್ಲ. ಅವನೂ ಬೇಡಲಿಲ್ಲ.

ಒಂದು ದಿನ ಹೂಮಾರುವವಳು ತನ್ನ ಕೊಡೆ ಒಯ್ಯಲು ಬಂದಳು. ಮನೆಯ ಅಪ್ಪಣೆ ಗೊತ್ತಿದ್ದ ಅವನು ಕೊಡೆ ಹಿಡಿದು ಎದ್ದು ನಿಂತ. ಗುಂಡಿಯ ಮೇಲೆ ಬೆರಳಿಟ್ಟ. ಒತ್ತಲಾಗಲಿಲ್ಲ. ಹೊಲಿಗೆ ಬಿಟ್ಟು ಅವಳು ಏಳಹೊರಟಳು, ಅಷ್ಟರಲ್ಲಿ ಒಳಗಿನಿಂದ ಅಮ್ಮ ಬಂದರು. ಅಳಿಯನ ಕೈಯ ಮೇಲೆ ಕೈಯಿಟ್ಟು, ಕೊಡೆಯ ತುದಿಯನ್ನು ಮೆಲ್ಲಗೆ ಗೋಡೆಯ ಕಡೆಗೆ ತಿರುಗಿಸಿದರು.

"ಬಿಚ್ತೀನಿ ಅಂತ ಮೊದಲು ಬಾಯಲ್ಲಿ ಹೇಳಪ್ಪ," ಎಂದರು. "ಇನ್ಮೇಲೆ ನಮ್ಮ ಅಂಗಡೀಲಿ ಹಾಗೇ."

ಅವನು ಹೂಮಾರುವವಳನ್ನು ನೋಡಿದ. "ಬಿಚ್ತೀನಿ ಅಮ್ಮಾ... ಹೆದರಬೇಡಿ."

"ಇಲ್ಲಪ್ಪ, ಹೆದರಲ್ಲ. ಬಿಚ್ಚು," ಎಂದಳು ಹೂವಿನವಳು.