ಅರ್ಧ ಭಾನುವಾರ

ಅಂಗಳದಲ್ಲಿ ಹಾಕಿದ್ದ ಕಂಬಳಿ ಡೇರೆಯನ್ನು ನಿನ್ನೆ ಸಂಜೆಯೇ ಬಿಚ್ಚಿಕೊಂಡು ಹೋಗಿದ್ದರು. ಅದು ನಿಂತಿದ್ದ ಕಡೆ ಹುಲ್ಲು ದುಂಡಗೆ ಹಳದಿಯಾಗಿತ್ತು. ಅಳುವ ಹೆಂಗಸರಿಲ್ಲ, ದೊಡ್ಡ ಹಂಡೆಗಳಿಲ್ಲ. ಗಂಡ ಮಿರ್ಬೆಕ್‌ನನ್ನು ಮಣ್ಣು ಮಾಡಿದ ಮೇಲೆ ಬುರುಲಾಯ್ ಕಂಡ ಮೊದಲ ಮಾಮೂಲಿ ಬೆಳಗು ಅದು.

ಅತ್ತೆ ಬಗ್ಗಿಸಿಕೊಟ್ಟ ಚಹಾ ಆರಿತು. ಇನ್ನೊಮ್ಮೆ ಬಗ್ಗಿಸಿದರು. ಅದೂ ಆರಿತು.

ಗೇಟಿನ ಚಿಲಕ ಸದ್ದು ಮಾಡಿತು.

ಬಂದವನು ತಿಲೆಕ್. ನಾರಿನ್ ಊರಿನ ಆಸ್ಪತ್ರೆಯಲ್ಲಿ, ಜನರಲ್ ಮೆಡಿಸಿನ್ ವಾರ್ಡಿನಲ್ಲಿ, ಮಿರ್ಬೆಕ್‌ನ ಜೊತೆ ದುಡಿಯುತ್ತಿದ್ದ ವೈದ್ಯ. ಅವನ ಜೀವದ ಗೆಳೆಯ. ರಾತ್ರಿ ಡ್ಯೂಟಿ ಮುಗಿಸಿ ನೇರ ಬಂದಿದ್ದ. ಕಣ್ಣುಗಳು ಕೆಂಡದಂತಿದ್ದವು.

ಬುರುಲಾಯ್ ದಡಕ್ಕನೆ ಎದ್ದು ನಿಂತಳು.

"ಯಾಕೆ ಬಂದೆ?"

"ಅತ್ತಿಗೆ..."

"ಅತ್ತಿಗೆ ಅನ್ಬೇಡ! ಆ ಭಾನುವಾರದ ಡ್ಯೂಟಿ ಯಾರದು? ನಿಂದು. ಸತ್ತೋನು ಯಾರು? ಅವನು!"

ತಿಲೆಕ್ ಗೇಟಿನ ಹತ್ತಿರವೇ ನಿಂತುಬಿಟ್ಟ.

"ಮಣ್ಣಿಗೆ ಒಯ್ಯೋ ಮೊದ್ಲು ಅವನ ಅಣ್ಣ ಎಲ್ಲರ ಮುಂದೆ ಕೇಳಿದ್ರಲ್ಲ... 'ನನ್ನ ತಮ್ಮ ಯಾರಿಗಾದ್ರೂ ಬಾಕಿ ಇದ್ರೆ ಹೇಳಿ, ನಾನು ತೀರಿಸ್ತೀನಿ' ಅಂತ. ಆಗ ನೀನು ತಲೆ ತಗ್ಗಿಸಿದೆ. ಕಿಟಕಿಯಿಂದ ನೋಡ್ದೆ ನಾನು. ತಪ್ಪು ಮಾಡಿದೋನ ಥರ!"

ಅವಳ ದನಿಯಲ್ಲಿ ಅಳುವಿರಲಿಲ್ಲ. ಅವನು ಹೋದ ದಿನದಿಂದ ಅವಳಿಗೆ ಅಳುವೇ ಬಂದಿರಲಿಲ್ಲ. ನೆರೆಯ ಹೆಂಗಸರು ಅದನ್ನೂ ಆಡಿಕೊಂಡಿದ್ದರು.

'ಅವನು ನನ್ನನ್ನು ಪ್ರೀತಿಸಿದ್ದನೋ ಇಲ್ಲವೋ ಅನ್ನುವುದೇ ಗೊತ್ತಿಲ್ಲ... ಏನೆಂದು ಅಳಲಿ?'

ಅವಳೂ ವೈದ್ಯೆಯೇ. ಅದೇ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಕೆಲಸ. ಆಯಾಸ ಎಂದರೇನು ಎಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೂ ಮದುವೆಯಾದಾಗಿನಿಂದ ಅವಳು ಕಂಡದ್ದು ಮಿರ್ಬೆಕ್‌ನ ಬೆನ್ನನ್ನೇ. ಹೊರಟ ಬೆನ್ನು, ಮಲಗಿದ ಬೆನ್ನು.

ಸಾಯುವ ಹಿಂದಿನ ಭಾನುವಾರ ಅವಳನ್ನು ಇಸ್ಸಿಕ್-ಕುಲ್ ಸರೋವರಕ್ಕೆ ಕರೆದುಕೊಂಡು ಹೋಗಿದ್ದ. "ರಜೆ ಕೊಟ್ರು ಕಣೇ!" ಎಂದು ನಕ್ಕಿದ್ದ. ಅವಳು ಆಸೆಯಿಂದ ನೀಲಿ ಉಡುಪು ಹಾಕಿಕೊಂಡಿದ್ದಳು. ದಡದಲ್ಲಿ ಅವಳ ತೊಡೆಯ ಮೇಲೆ ತಲೆಯಿಟ್ಟವನು ನಿದ್ದೆ ಹೋದ. ಹೊತ್ತು ಮುಳುಗುವವರೆಗೂ ಏಳಲಿಲ್ಲ.

"ಮಲಗೋಕೆ ಇಷ್ಟು ದೂರ ಬರ್ಬೇಕಿತ್ತಾ? ಮನೇಲೇ ಮಂಚ ಇತ್ತು!"

ಅವಳ ಮಾತು ಅದೇ ಕೊನೆ. ಆಮೇಲೆ ವಾರವಿಡೀ ಅವಳು ಬರೀ ಹೂಂ, ಉಹೂಂ.

"ಅತ್ತಿಗೆ," ಎಂದ ತಿಲೆಕ್, "ಬಾಕಿ ಇದ್ದದ್ದು ಅವನೇ. ನನಗೆ. ಅಷ್ಟು ಜನರ ಮುಂದೆ ಹೇಳೋಕೆ ನಾಲಿಗೆ ಏಳ್ಲಿಲ್ಲ."

"ಏನು ಬಾಕಿ?"

"ಒಂದು ಭಾನುವಾರ. ನೀವು ಸರೋವರಕ್ಕೆ ಹೋದ ದಿನ ಡ್ಯೂಟಿ ಅವನದ್ದು. ರಜೆ ಯಾರೂ ಕೊಟ್ಟಿರ್ಲಿಲ್ಲ. 'ಹೆಂಡ್ತಿಗೆ ನನ್ನ ಮುಖ ಮರ್ತೇ ಹೋಗ್ತಿದೆ ಕಣೋ, ಒಂದು ಹಗಲು ಸಾಲ ಕೊಡು, ಮುಂದಿನ ಭಾನುವಾರ ನಿಂದು ಮಾಡಿ ತೀರಿಸ್ತೀನಿ' ಅಂದ. ಕೊಟ್ಟೆ."

ಬುರುಲಾಯ್ ಮೆಟ್ಟಿಲ ಮೇಲೆ ಕುಸಿದು ಕೂತಳು.

"ಡ್ಯೂಟಿ ಮಾರನೇ ದಿನ ವಿಶ್ರಾಂತಿ ಕೊಡಿ ಅಂತ ನಮ್ಮೆಲ್ಲರ ಪರವಾಗಿ ಅವನು ಬೇಡದ ಬಾಗಿಲಿಲ್ಲ. ಮುಖ್ಯ ವೈದ್ಯರು ಕೊಟ್ಟಿದ್ದೇನು? 'ವೈದ್ಯರು ತಮ್ಮ ಆರೋಗ್ಯ ನೋಡಿಕೊಳ್ಳುವುದು ಹೇಗೆ' ಅಂತ ಒಂದು ತರಗತಿ! ಡ್ಯೂಟಿ ಮುಗಿಸಿ ಕಡ್ಡಾಯ ಕೂರ್ಬೇಕು. ಅವನು ಎದ್ದು, 'ಪಾಠ ಅರ್ಥ ಆಯ್ತು, ಇನ್ನು ಮನೆಗೆ ಬಿಡಿ, ಅಭ್ಯಾಸ ಮಾಡ್ತೀವಿ' ಅಂದ. ಎಲ್ರೂ ನಕ್ವಿ. ಬಿಡ್ಲಿಲ್ಲ."

"ಅವತ್ತು... ಹೇಗಾಯ್ತು?"

"ರೋಗಿಗಳನ್ನ ನೋಡ್ತಾ ನೋಡ್ತಾ ಖಾಲಿ ಮಂಚದ ಮೇಲೆ ಕೂತ್ನಂತೆ. ಹಾಗೇ ಒರಗಿದ. ಪಕ್ಕದ ಅಜ್ಜಿ, ಪಾಪ ನಿದ್ದೆ ಹತ್ತಿದೆ ಅಂತ ತನ್ನ ಹೊದಿಕೆ ಹೊದಿಸಿದ್ಲು. ಅವನಿಗೆ ಎಚ್ಚರ ಆಗ್ಬಾರ್ದು ಅಂತ ಇಡೀ ವಾರ್ಡು ಪಿಸುಮಾತಲ್ಲಿ..."

ತಿಲೆಕ್ ಗೇಟಿನ ಚಿಲಕವನ್ನು ತೆಗೆದು ಮತ್ತೆ ಹಾಕಿದ.

"ಮಧ್ಯಾಹ್ನ ನರ್ಸ್ ಎಬ್ಬಿಸೋಕೆ ಹೋದಾಗಲೇ ಗೊತ್ತಾಗಿದ್ದು. ನನ್ನ ಕರೆದ್ರು. ಉಳಿದ ಡ್ಯೂಟಿ ನಾನೇ ಮುಗಿಸ್ದೆ. ಬೇರೆ ಯಾರೂ ಇರ್ಲಿಲ್ಲ, ಅತ್ತಿಗೆ."

ಹೊರಡುವ ಮುಂಚೆ ಅವನು ಇನ್ನೊಂದು ಮಾತು ಹೇಳಿದ.

"ಸರೋವರದಿಂದ ಬಂದೋನು ಏನಂದ ಗೊತ್ತಾ? 'ಅವಳ ತೊಡೆ ಮೇಲೆ ತಲೆ ಇಟ್ಟೆ ಕಣೋ, ಇನ್ಯಾರೂ ನನ್ನ ಕರೆಯಲ್ಲ ಅನ್ನಿಸ್ತು. ನನಗೆ ನೆಮ್ಮದಿ ಅಂದ್ರೆ ಅವಳೇ. ಸಿಟ್ಟು ಮಾಡ್ಕೊಂಡಿದ್ದಾಳೆ. ಈ ಭಾನುವಾರ ಮುಗೀಲಿ, ಸೋಮವಾರ ಕೂತು ಹೇಳ್ತೀನಿ.'"

ಸೋಮವಾರ ಅವನು ಅಂಗಳದ ಡೇರೆಯಲ್ಲಿ, ಪರದೆಯ ಹಿಂದೆ ಹೆಣವಾಗಿ ಮಲಗಿದ್ದ.

ಮಾರನೆಯ ದಿನ ಮತ್ತೆ ಭಾನುವಾರ. ಬುರುಲಾಯ್ ಬೂಟು ಹಾಕಿಕೊಳ್ಳುತ್ತಿದ್ದಳು. ಸಾವಿನ ನಲವತ್ತು ದಿನ ತುಂಬದೆ ವಿಧವೆ ಹೊಸ್ತಿಲು ದಾಟುವಂತಿಲ್ಲ.

"ಎಲ್ಲಿಗೆ ಮಗಳೇ?"

"ಆಸ್ಪತ್ರೆಗೆ. ಅವನ ಬಾಕಿ ಅರ್ಧ ಉಳಿದಿದೆ, ಅತ್ತೆ."

"ಜನ ಸುಮ್ನಿರ್ತಾರಾ?"

"ನಾನು ಅಳ್ಲಿಲ್ಲ ಅಂತ್ಲೂ ಅಂದ್ರು. ಇದನ್ನೂ ಅನ್ಲಿ."

ಅತ್ತೆ ಒಳಗೆ ಹೋದರು. ತಡೆಯುತ್ತಾರೆ ಅಂದುಕೊಂಡಳು. ಎಣ್ಣೆಯಲ್ಲಿ ಕರಿದ ಬಿಸಿ ಬೋರ್ಸೋಕ್ ರೊಟ್ಟಿ ಕಟ್ಟಿ ತಂದು ಕೈಗಿಟ್ಟರು.

"ಹೋಗು. ಬಾಕಿ ಇಟ್ಕೊಂಡು ನನ್ನ ಮಗ ಮಲಗೋದು ಬೇಡ. ಆ ಹುಡುಗನಿಗೂ ತಿನ್ನಿಸು, ಕಡ್ಡಿ ಆಗಿದ್ದಾನೆ."

ಮಧ್ಯಾಹ್ನ, ಕಪ್ಪು ಉಡುಪಿನ ಮೇಲೆ ಬಿಳಿ ಕೋಟು ಹಾಕಿಕೊಂಡು ಅವಳು ವಾರ್ಡಿಗೆ ಬಂದಳು. ಡ್ಯೂಟಿಯಲ್ಲಿದ್ದ ತಿಲೆಕ್ ಗಾಬರಿಯಿಂದ ಎದ್ದ.

"ಅತ್ತಿಗೆ! ನೀವು ಇಲ್ಲಿ..."

"ಡ್ಯೂಟಿ ಫೋನ್ ಕೊಡು. ಬೆಳಗಿನ ಅರ್ಧ ಅವನು ತೀರಿಸಿದ. ಉಳಿದಿದ್ದು ನಾನು ತೀರಿಸ್ತೀನಿ."

"ನಮ್ಮಿಬ್ಬರ ನಡುವೆ ಎಂಥ ಸಾಲ? ಬಿಡಿ, ಹೋಗಿ..."

"ನೀನು ಹೋಗು. ನಾಳೆನೂ ಬರ್ಬೇಡ."

"ನಾಳೆನಾ? ಮುಖ್ಯ ವೈದ್ಯರು ಕೇಳಿದ್ರೆ?"

"'ಇದು ಮಿರ್ಬೆಕ್ ಕೇಳಿದ್ದ ವಿಶ್ರಾಂತಿ' ಅಂತ ಹೇಳು. ಇನ್ಮೇಲೆ ಅದನ್ನ ನಾನು ಕೇಳ್ತೀನಿ. ಅವನ ಹೆಂಡತೀನ ತರಗತೀಲಿ ಕೂರಿಸ್ಲಿ, ನೋಡೋಣ!"

ತಿಲೆಕ್ ನಗಲು ಹೋದ. ಆಗಲಿಲ್ಲ. ಫೋನನ್ನು ಅವಳ ಅಂಗೈಯಲ್ಲಿಟ್ಟ.

"ತೀರಿತು ಅಂತ ಬಾಯಿಬಿಟ್ಟು ಹೇಳು."

"ತೀರಿತು, ಅತ್ತಿಗೆ. ಅವನಿಂದ ನನಗೆ ಬರ್ಬೇಕಾದ್ದು ಏನೂ ಇಲ್ಲ." ಆಮೇಲೆ ಕೇಳಿದ, "ನಿಮಗೆ?"

ಬುರುಲಾಯ್ ಫೋನನ್ನು ಕೋಟಿನ ಜೇಬಿಗೆ ಹಾಕಿಕೊಂಡಳು. ಇಷ್ಟು ದಿನ ಬಾರದ ಕಣ್ಣೀರು ಈಗ ಕೆನ್ನೆಯ ಮೇಲೆ ಇಳಿಯಿತು. ಅವಳು ಒರೆಸಿಕೊಳ್ಳಲಿಲ್ಲ.

"ಸೋಮವಾರ ಹೇಳ್ತೀನಿ ಅಂದಿದ್ನಲ್ಲ... ಹೇಳ್ದ, ತಿಲೆಕ್. ನನಗೆ ಕೇಳಿಸ್ತು."

"ಅತ್ತಿಗೆ..."

"ಹೋಗು. ಮನೆಗೆ ಹೋಗಿ ಮಲಗು."