ತಲಪರಿಗೆ ಕೊಟ್ಟ ಹೇಳಿಕೆ

"ನಿಮ್ಮ ಗೂಟಗಳಿಗೆ ಕಿವಿ ಇದೆ ಅಂತೀರಲ್ಲ, ಆ ಕಿವಿಗೇನು ಗುಗ್ಗೆ ತುಂಬಿದೆಯಾ?" ಸಣ್ಣೀರಮ್ಮ ಮೇಜಿನ ಮೇಲಿದ್ದ ಹಾಳೆಯನ್ನು ವಿಜ್ಞಾನಿಯ ಕಡೆಗೆ ತಳ್ಳಿದಳು. "ನೀರು ಸಮೃದ್ಧವಾಗಿದೆ, ಗಣಿಗೆ ಅಡ್ಡಿಯಿಲ್ಲ ಅಂತ ಬರೆದಿದೆ. ಹೋದ ಬೇಸಿಗೇಲಿ ಒಂದು ಬಿಂದಿಗೆ ತುಂಬೋಕೆ ಅರ್ಧ ಗಂಟೆ ಕೂತಿದ್ದೆ ನಾನು."

"ಅದು ನಾನು ಬರೆದದ್ದಲ್ಲಮ್ಮ, ನೀರೇ ಹೇಳಿದ್ದು" ಎಂದಳು ಡಾ. ವಾಹಿದಾ.

"ಹಾಗಾದ್ರೆ ಗಣಿಯವರು ನೀರಿಗೂ ಲಂಚ ಕೊಟ್ಟಿದಾರೆ."

ವಾಹಿದಾಳ ಮುಖ ಕೆಂಪಾಯಿತು. ಆ ಗೂಟಗಳ ಯಂತ್ರವನ್ನು ಕಟ್ಟಿದವಳೇ ಅವಳು. ಹಿಂದೆ ಈ ಜಲನ್ಯಾಯ ಕಚೇರಿಗೆ ಬಂದವರೆಲ್ಲ ಸುಳ್ಳು ಹೇಳುತ್ತಿದ್ದರು. ಗಣಿಯವರು ಬಾವಿ ತುಂಬಿದೆ ಎನ್ನುತ್ತಿದ್ದರು, ಊರವರು ಬತ್ತಿದೆ ಎನ್ನುತ್ತಿದ್ದರು, ಇಬ್ಬರ ಹತ್ತಿರವೂ ಫೋಟೋ ಇರುತ್ತಿತ್ತು. ಅದಕ್ಕೇ ರೋಸಿಹೋಗಿ ಅವಳು ಹನ್ನೊಂದು ವರ್ಷ ಕೂತು 'ಜಲಸಾಕ್ಷಿ'ಯನ್ನು ರೂಪಿಸಿದಳು. ನೆಲಕ್ಕೆ ಹೊಡೆದ ಉಕ್ಕಿನ ಗೂಟಗಳು ಮೂರು ದಿನ ಅಲ್ಲಾಡದೆ ಆಲಿಸುತ್ತವೆ. ಮರಳಿನ ಕಣಗಳ ನಡುವೆ ನೀರು ನುಸುಳುವಾಗ ಏಳುವ ಅತಿಸೂಕ್ಷ್ಮ ಕಂಪನವನ್ನು ಹಿಡಿದು, ನೀರು ಎಷ್ಟಿದೆ, ಯಾವ ದಾರಿಯಲ್ಲಿ ಬರುತ್ತದೆ, ಇನ್ನೆಷ್ಟು ವರ್ಷ ಬಂದೀತು ಎಂದು ತಿಳಿಸುತ್ತವೆ. ಸರ್ಕಾರಕ್ಕೆ ಇದು ಎಷ್ಟು ಹಿಡಿಸಿತೆಂದರೆ, ನೀರಿನ ವಿಷಯದಲ್ಲಿ ಇನ್ನು ಮನುಷ್ಯರ ಸಾಕ್ಷ್ಯವೇ ಬೇಡ ಎಂದು ಕಾನೂನು ಮಾಡಿತು.

ಸಣ್ಣೀರಮ್ಮನ ಊರಿಗೆ ನೀರು ತಲಪರಿಗೆಯದು. ದಿಣ್ಣೆಯ ಗರಸು ಮಣ್ಣು ಮಳೆಯನ್ನೆಲ್ಲ ಹೀರಿಕೊಂಡು, ಬುಡದ ಮರಳಿನಲ್ಲಿ ವರ್ಷವಿಡೀ ಸಣ್ಣಗೆ ಜಿನುಗಿಸುತ್ತದೆ. ಆ ಒರತೆಗೇ ತಲಪರಿಗೆ ಎನ್ನುವುದು. ಈಗ ಆ ಗರಸನ್ನೇ ಅಗೆದು ಮಾರಲು ಗಣಿಯವರು ಅರ್ಜಿ ಹಾಕಿದ್ದರು. ಸಣ್ಣೀರಮ್ಮ ರೇಷ್ಮೆ ನೂಲು ತೆಗೆಯುವವಳು. ಬೋರಿನ ಗಡಸು ನೀರಿನಲ್ಲಿ ಗೂಡು ಬೇಯಿಸಿದರೆ ನೂಲು ಒರಟಾಗುತ್ತದೆ. ತಲಪರಿಗೆ ನಿಂತರೆ ಅವಳ ಒಲೆಯೂ ನಿಲ್ಲುತ್ತದೆ. ಅವಳ ಜೊತೆ ಬಂದಿದ್ದ ಊರ ಹಿರಿಯ ಮುದ್ದರಂಗಪ್ಪನ ಐದೆಕರೆ ತೋಟಕ್ಕೂ ಅದೇ ನೀರು. ಸಂಜೆ ನಾಲ್ಕಕ್ಕೆ ಗಣಿಗೆ ಪರವಾನಗಿ ತಾನಾಗಿ ಹೊರಡಲಿತ್ತು. ಈಗ ಮೂರೂಕಾಲು. ಸಣ್ಣೀರಮ್ಮ ಬಂದಾಗಿನಿಂದ ಕುರ್ಚಿಯ ಮೇಲೆ ಕೂತಿರಲಿಲ್ಲ. ಕಿಟಕಿಗೊಮ್ಮೆ ಬಾಗಿಲಿಗೊಮ್ಮೆ ಓಡಾಡುತ್ತಿದ್ದಳು.

ವಾಹಿದಾ ಮತ್ತೆ ಅಂಕಿಗಳನ್ನು ನೋಡಿದಳು. ಏನೋ ಸರಿಯಿರಲಿಲ್ಲ. ಮೊದಲ ದಿನ ನೀರು ನುಗ್ಗಿ ಬಂದಿತ್ತು, ಮೂರನೆಯ ದಿನ ಸ್ವಲ್ಪ ಇಳಿದಿತ್ತು. ಗೂಟ ಹೊಡೆಯುವ ಮುಂಚೆ ಅಲ್ಲಿ ಯಾರಾದರೂ ಏನಾದರೂ ಮಾಡಿದ್ದರೇ ಎಂದು ಕೇಳಿದಳು.

ಮುದ್ದರಂಗಪ್ಪ ಎದೆಯುಬ್ಬಿಸಿದ. "ಮಾಡದೆ ಇರ್ತೀವಾ ಮೇಡಂ? ಸಾಕ್ಷಿ ಕೇಳೋಕೆ ಸರ್ಕಾರದ ಯಂತ್ರ ಬರುತ್ತೆ ಅಂದ್ರೆ, ಹೂಳು ತುಂಬಿದ ತಲಪರಿಗೆ ತೋರ್ಸೋಕಾಗುತ್ತಾ? ನೆಂಟ್ರು ಬರೋವಾಗ ಅಂಗಳ ಗುಡಿಸಲ್ವಾ?" ಗೂಟ ಹೊಡೆಯುವ ಹಿಂದಿನ ದಿನ ನಲವತ್ತು ಮನೆಯವರೂ ಗುದ್ದಲಿ ಹಿಡಿದು ಬಂದಿದ್ದರಂತೆ. ಮೂವತ್ತು ಟ್ರ್ಯಾಕ್ಟರ್ ಹೂಳು ಎತ್ತಿ, ಅರಿಸಿನ ಕುಂಕುಮ ಇಟ್ಟು, ಮರಳಿನಲ್ಲಿ ಒರತೆಯ ಕಣ್ಣು ಬಿಡಿಸಿದ್ದರಂತೆ. ಎಷ್ಟೋ ವರ್ಷದಿಂದ ಹೂಳಿನ ಹಿಂದೆ ನಿಂತಿದ್ದ ನೀರು ಒಮ್ಮೆಲೇ ಹೊರಬಂದಿತ್ತು. ವಾರ ಕಳೆಯುವಷ್ಟರಲ್ಲಿ ಮತ್ತೆ ನೂಲಿನಷ್ಟಾಗಿತ್ತು.

ವಾಹಿದಾ ಹಣೆ ಹಿಡಿದುಕೊಂಡಳು. "ಅಯ್ಯೋ, ನಿಮ್ಮ ಮರ್ಯಾದೆ ಹಾಳಾಗ! ಯಂತ್ರ ಕೇಳಿದ್ದು ಆ ಮೂರು ದಿನದ ನೀರನ್ನೇ."

ಕಾನೂನಿನಲ್ಲಿ ಇದಕ್ಕೂ ಒಂದು ಕಲಮು ಇತ್ತು, ಅವಳೇ ಒತ್ತಾಯಿಸಿ ಸೇರಿಸಿದ್ದು. ಪರೀಕ್ಷೆಗೆ ಮುಂಚೆ ಒರತೆಯನ್ನು ಮುಟ್ಟಿದರೆ ಅದು ಸಾಕ್ಷಿ ತಿದ್ದಿದ ಅಪರಾಧ. ಮುಟ್ಟಿದವರು ಒಪ್ಪಿಕೊಂಡರೆ ನೀರು ಕೊಟ್ಟ ಹೇಳಿಕೆ ರದ್ದಾಗಿ, ಮುಂದಿನ ಬೇಸಿಗೆಯಲ್ಲಿ ಹೊಸ ಪರೀಕ್ಷೆ ಆಗುವತನಕ ಗಣಿ ನಿಲ್ಲುತ್ತದೆ. ಆದರೆ ಒಪ್ಪಿಕೊಂಡವರಿಗೆ ಆ ನೀರಿನ ಹಕ್ಕು ಜೀವಮಾನಕ್ಕೂ ಇಲ್ಲ. ನಲವತ್ತು ಮನೆಯವರೂ ಒಪ್ಪಿಕೊಂಡರೆ ತಲಪರಿಗೆ ವಾರಸುದಾರರಿಲ್ಲದ ನೀರಾಗುತ್ತದೆ, ಗಣಿಯನ್ನು ಕೇಳುವವರೇ ಇರುವುದಿಲ್ಲ. ವಾಹಿದಾ ಇದನ್ನೆಲ್ಲ ಬಿಡಿಸಿ ಹೇಳುವಾಗ ಮುದ್ದರಂಗಪ್ಪ ತನ್ನ ಚಪ್ಪಲಿ ನೋಡುತ್ತಿದ್ದ.

ಸಣ್ಣೀರಮ್ಮ ಮೊದಲ ಬಾರಿಗೆ ಕೂತಳು. "ಒಬ್ರೇ ಮುಟ್ಟಿದ್ರೆ?"

"ಒಬ್ಬರ ಹಕ್ಕು ಮಾತ್ರ ಹೋಗುತ್ತೆ."

"ಬರ್ಕೊಳ್ಳಿ. ನಾನೊಬ್ಬಳೇ ತೋಡಿದೆ."

"ಮೂವತ್ತು ಟ್ರ್ಯಾಕ್ಟರ್ ಹೂಳನ್ನಾ?"

"ಸಿಟ್ಟು ಬಂದಿತ್ತು."

ಮುದ್ದರಂಗಪ್ಪ ಗಾಬರಿಯಾದ. "ಏ ಸಣ್ಣೀರಮ್ಮ, ನಿನ್ನ ನೂಲಿನ ಗತಿ ಏನು?"

"ನೀನು ಹಾಕ್ತೀಯಾ ಸೈನು? ಬಾ, ಜಾಗ ಬಿಡ್ತೀನಿ."

ಅವನು ಒಂದು ಹೆಜ್ಜೆ ಹಿಂದೆ ಸರಿದ.

ವಾಹಿದಾ ಖಾಲಿ ಹಾಳೆಯೊಂದನ್ನು ಮುಂದಿಟ್ಟುಕೊಂಡಳು. ನೀರಿನ ಬಗ್ಗೆ ಒಂದು ಸುಳ್ಳೂ ಕಡತ ಸೇರಬಾರದೆಂದು ಹನ್ನೊಂದು ವರ್ಷ ಸವೆಸಿದವಳು ಅವಳು. ಆ ಐವತ್ತೈದರ ಹೆಂಗಸಿನ ತೋಳು ನೋಡಿದರೆ ಇದು ಸುಳ್ಳೆಂದು ಯಾರಿಗಾದರೂ ಗೊತ್ತಾಗುತ್ತಿತ್ತು. ಮೂರು ಐವತ್ತಾಯಿತು. ಕೊನೆಗೆ ಸಣ್ಣೀರಮ್ಮ ಹೇಳಿದ್ದನ್ನು ಹೇಳಿದ ಹಾಗೇ ಬರೆದಳು. ಸಣ್ಣೀರಮ್ಮ ಅದನ್ನು ಓದದೆಯೇ ಸಹಿ ಹಾಕಿದಳು.

"ಹತ್ತು ನಿಮಿಷ ಕೂತ್ಕೊಳ್ಳಿ, ನಿಮ್ಮ ಪ್ರತಿ ಕೊಡ್ತೀನಿ."

"ನನಗ್ಯಾಕೆ? ನಾನಿನ್ನು ಆ ನೀರಿಗೆ ಯಾರು?" ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅವಳು ಹೊರಟೇಹೋದಳು.

ನಾಲ್ಕಕ್ಕೆ ಎರಡು ನಿಮಿಷ ಇರುವಾಗ ಗಣಿಗೆ ತಡೆ ಬಿತ್ತು. ಮುದ್ದರಂಗಪ್ಪ ಸುದ್ದಿ ಹೇಳಲು ಬಸ್‌ಸ್ಟ್ಯಾಂಡಿನವರೆಗೂ ಓಡಿ, ಒಬ್ಬನೇ ವಾಪಸು ಬಂದ. ಅವಳು ಅಲ್ಲಿರಲಿಲ್ಲ, ಊರಿನ ಬಸ್ಸು ಇನ್ನೂ ಬಂದೇ ಇರಲಿಲ್ಲ; ಅದಕ್ಕೂ ಕಾಯದೆ ಎಲ್ಲಿಗೋ ನಡೆದುಬಿಟ್ಟಿದ್ದಳು.

ವಾಹಿದಾ ಕಚೇರಿ ಮುಚ್ಚುವತನಕ ಆ ಪ್ರತಿಯನ್ನು ಮೇಜಿನ ಮೇಲೇ ಇಟ್ಟುಕೊಂಡು ಕಾದಳು. ಸಣ್ಣೀರಮ್ಮ ಬರಲಿಲ್ಲ.